ಇಂದ್ರವ್ವನಿಗೆ ಪೂರ್ತಿ ಬಂದದ್ದು

ನಮ್ಮ ಊರಿನ ನೀರಿನ ಟಾಕಿಯನ್ನು ಮೊದಲ ಸಲ ನೋಡಿದವರು ನಗದೆ ಹೋಗುವುದಿಲ್ಲ. ಅದರ ಒಂದು ಮಗ್ಗುಲಲ್ಲಿ ಕಬ್ಬಿಣದ ತಗಡಿನ ಬದಲು ಹಲಗೆ ಇದೆ, ಹಲಗೆಯ ಸಂದಿಗೆ ಡಾಂಬರು ಮೆತ್ತಿದೆ, ಡಾಂಬರಿನ ಸಂದಿಯಿಂದ ನೀರು ಸೋರುತ್ತದೆ. ಟಾಕಿ ಕಟ್ಟಿಸಿದ ಎಂಜಿನಿಯರು ಹೊರಗಿನವನು. ತಗಡುಗಳನ್ನೆಲ್ಲ ಒಂದೇ ಲಾರಿಯಲ್ಲಿ ಹೇರಿ ತರಿಸಿದ. ಬೇಡಪ್ಪಾ, ಒಂದೊಂದಾಗಿ ತರಿಸು ಅಂದರೆ ಕೇಳಲಿಲ್ಲ. ಒಂದು ತಗಡು ಬರಲಿಲ್ಲ. ಯಾರೂ ಕದ್ದಿರಲಿಲ್ಲ, ದಾರಿಯಲ್ಲಿ ಬಿದ್ದೂ ಇರಲಿಲ್ಲ, ಬರಲಿಲ್ಲ ಅಷ್ಟೆ. ಎಂಜಿನಿಯರು ಊರಿಗೆಲ್ಲ ಬೈದು ಬಸ್ಸು ಹತ್ತಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ದೊಡ್ಡದು ಯಾವುದೂ ನಮ್ಮ ಊರಿನವರಿಗೆ ಪೂರ್ತಿ ಮುಟ್ಟುವುದಿಲ್ಲ.

ದೊಡ್ಡ ಚೀಲದಲ್ಲಿ ಅಕ್ಕಿ ತರಿಸಿದರೆ ಹೊರಗಿನಿಂದ ಚೀಲ ತುಂಬಿಯೇ ಕಾಣುತ್ತದೆ, ಹೊಲಿಗೆ ಬಿಚ್ಚಿದರೆ ನಡುವೆ ಪೊಳ್ಳು. ಅದಕ್ಕೇ ನಮ್ಮ ಅಂಗಡಿಯವರು ಅಕ್ಕಿಯನ್ನು ಸಣ್ಣ ಕೈಚೀಲಗಳಲ್ಲಿ ತರಿಸುತ್ತಾರೆ. ಹಾಗೆ ತಂದದ್ದನ್ನು ಮನೆಯೊಳಗೆ ದೊಡ್ಡ ಡಬ್ಬಿಗೆ ಸುರಿದರೆ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಬರುವಾಗ ಸಣ್ಣದಿರಬೇಕು. ದಿಬ್ಬಣ ಒಟ್ಟಿಗೆ ಬಂದರೆ ಯಾರೋ ಒಬ್ಬರು ತಪ್ಪಿಹೋಗುತ್ತಾರೆ. ಹಿಂದೊಮ್ಮೆ ಮದುಮಗನೇ ಬರಲಿಲ್ಲ. ಅವನು ಬಾಸಿಂಗ ಕಟ್ಟಿಕೊಂಡು ತನ್ನ ಮನೆಯ ಕಟ್ಟೆಯ ಮೇಲೆಯೇ ಕೂತಿದ್ದ. ಬಸ್ಸು ಹತ್ತಿದ್ದು ಅವನಿಗೆ ನೆನಪಿತ್ತಂತೆ, ಇಳಿದದ್ದು ನೆನಪಿರಲಿಲ್ಲ. ಈಗ ಬೀಗರು ಇಬ್ಬಿಬ್ಬರಾಗಿ ಬರುತ್ತಾರೆ, ಊಟದ ಪಂಕ್ತಿ ಸಂಜೆಯವರೆಗೂ ನಡೆಯುತ್ತದೆ. ಊರು ಬಿಟ್ಟು ಹೋದರೂ ಇದು ನಮ್ಮನ್ನು ಬಿಡುವುದಿಲ್ಲ. ಪಟ್ಟಣದ ಟಾಕೀಸಿನಲ್ಲಿ ಕೂತರೂ ನಮ್ಮವರಿಗೆ ಸಿನಿಮಾದ ನಡುವಿನದೊಂದು ಭಾಗ ಕಾಣುವುದಿಲ್ಲ. ಪಕ್ಕದ ಕುರ್ಚಿಯವರು ಬಿದ್ದು ಬಿದ್ದು ನಗುವಾಗ ನಮ್ಮವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಹೀಗೆ ಬಿಟ್ಟುಹೋದದ್ದಕ್ಕೆ ನಮ್ಮ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದಾರೆ. ಉದ್ದನೆಯ ಕಾಗದವೋ ಸುದ್ದಿಯೋ ಮುರಿದು ಬಂದರೆ, ಅದು ಯಾರಿಗೆ ಬಂದಿದೆಯೋ ಅವರು ಬೇವಿನ ಕಟ್ಟೆಯ ಮುಂದೆ ನಿಂತು, ಬಿಟ್ಟುಹೋದ ಭಾಗದಲ್ಲಿ ಏನಿತ್ತು ಎಂದು ಹೇಳುತ್ತಾರೆ. ಇದಕ್ಕೆ ತುಂಬಿ ಹೇಳುವುದು ಎನ್ನುತ್ತೇವೆ. ಅವರು ಹೇಳಿದ್ದೇ ಖರೆ. ಯಾರೂ ಎದುರಾಡುವಂತಿಲ್ಲ, ಮುಂದೆಯೂ ಯಾರೂ ಅದನ್ನು ಕೆದಕುವಂತಿಲ್ಲ. ನನ್ನ ಅಣ್ಣ ಬದುಕಿದ್ದಷ್ಟು ಕಾಲ ನಮ್ಮವ್ವನ ಮೊಣಕಾಲಿನ ನೋವು ವಿಚಾರಿಸಿದವನಲ್ಲ. ಆದರೆ ಅವನ ಪ್ರತಿ ಕಾಗದದಲ್ಲೂ ಬಿಟ್ಟುಹೋದ ಸಾಲು ಮೊಣಕಾಲಿನದೇ ಆಗಿರುತ್ತಿತ್ತು. ಅವ್ವ ತುಂಬಿ ಹೇಳುತ್ತಿದ್ದಳು, ನಾವು ತಲೆ ಆಡಿಸುತ್ತಿದ್ದೆವು, ಅವ್ವ ಆ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು. ಒಂದೇ ಕಟ್ಟುಪಾಡು: ಪೂರ್ತಿ ಬಂದದ್ದಕ್ಕೆ ಏನೂ ತುಂಬುವಂತಿಲ್ಲ. ಅದನ್ನು ಬಂದ ಹಾಗೇ ಹೇಳಬೇಕು. ದೊಡ್ಡದು ಯಾವುದೂ ಪೂರ್ತಿ ಬರುತ್ತಲೇ ಇರಲಿಲ್ಲವಾದ್ದರಿಂದ ಈ ಕಟ್ಟುಪಾಡಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನಾನು ಕಸ್ತೂರಿ. ಬಸ್‌ಸ್ಟ್ಯಾಂಡಿನ ಎದುರು ನನ್ನ ಕಂಪ್ಯೂಟರ್ ಸೆಂಟರ್ ಇದೆ. ಹೊರಗಿನ ಬೋರ್ಡಿನಲ್ಲಿ ಇನ್ನೂ ಟೈಪಿಂಗ್ ಶಾಲೆ ಎಂದೇ ಇದೆ, ಏಕೆಂದರೆ ಹಿಂದೆ ಅದು ಅದೇ ಆಗಿತ್ತು. ಬೆರಳು ತಪ್ಪು ಕೀಲಿಯ ಮೇಲೆ ಬಿದ್ದರೆ ಕೋಲಿನಿಂದ ಹೊಡೆಯುತ್ತಿದ್ದ ಮಾಸ್ತರಿಣಿ ನಾನು. ಈಗ ಹೊಡೆಯಲು ಮಕ್ಕಳಿಲ್ಲ, ಕಂಪ್ಯೂಟರಿಗೆ ಹೊಡೆದರೆ ಅದು ಕೆಡುತ್ತದೆ. ಇಂಥ ನನ್ನ ಬಾಗಿಲಿಗೆ ಒಂದು ಮಧ್ಯಾಹ್ನ ಇಂದ್ರವ್ವ ಬಂದು ನಿಂತಳು. ಗಂಡ ದುಂಡಪ್ಪ ಸತ್ತ ಸುದ್ದಿ ಊರಿಗೆಲ್ಲ ಮುಟ್ಟಿ ಆಗಿತ್ತು. ಆಕೆಯ ಕೈಯಲ್ಲಿ ಕಂಪನಿಯವರು ಫೋನಿಗೆ ಕಳಿಸಿದ ಒಂದು ವಿಳಾಸವೂ ಪಾಸ್‌ವರ್ಡೂ ಇದ್ದವು.

ದುಂಡಪ್ಪ ಬಾವಿ ತೋಡುವವನು. ಊರಿನ ಅರ್ಧ ಬಾವಿಗಳು ಅವನ ಕೈಯವು. ಬೋರು ಬಂದ ಮೇಲೆ ಬಾವಿ ಯಾರಿಗೆ ಬೇಕು? ಗುದ್ದಲಿ ಮೂಲೆ ಸೇರಿತು, ದುಂಡಪ್ಪ ಕಟ್ಟೆ ಸೇರಿದ. ಇಂದ್ರವ್ವನ ತಂಗಿಯ ಮನೆಯ ಗೃಹಪ್ರವೇಶದ ದಿನ ನಾನೂ ಅಲ್ಲಿದ್ದೆ. ಯಾರೋ ದುಂಡಪ್ಪನಿಗೆ ಈಗೇನು ಕೆಲಸ ಎಂದು ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ಇಂದ್ರವ್ವ, "ಇವರಿಗೆ ತಗ್ಗು ತೋಡೂದು ಬಿಟ್ರ ಬ್ಯಾರೆ ಏನೂ ಬರಂಗಿಲ್ಲ. ಈಗ ತೋಡಾಕ ತಗ್ಗೂ ಇಲ್ಲ, ನನ್ನ ತಲಿ ತೋಡಕೋತ ಕುಂಡ್ರತಾರ" ಎಂದಳು. ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ದುಂಡಪ್ಪ ಎಲೆಯ ಮೇಲಿನ ಹೋಳಿಗೆ ಮುಗಿಸಿ, ಕೈತೊಳೆದು, ಸುಮ್ಮನೆ ಹೊರಗೆ ಹೋದ. ಮುಂದಿನ ವಾರವೇ ದೂರದ ಬೆಟ್ಟದ ಸೀಮೆಯಲ್ಲಿ ಸುರಂಗ ಕೊರೆಯುವ ಕಂಪನಿಗೆ ಹೆಸರು ಕೊಟ್ಟ. ಹೊರಡುವ ದಿನ ಇಂದ್ರವ್ವ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಗೋಡೆಯ ಮಾಡದಲ್ಲಿ ಇಟ್ಟಳು. ಅವನು ಗಂಟಿನ ಕಡೆ ನೋಡಿದ, ತೆಗೆದುಕೊಳ್ಳಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ. ಆಮೇಲೆ ಫೋನು ಮಾಡಿದಾಗಲೆಲ್ಲ ಆರಾಮ ಅದೀನಿ ಎಂದು ಇಟ್ಟುಬಿಡುತ್ತಿದ್ದ.

ಸುರಂಗ ಕುಸಿಯಿತು. ಒಳಗೆ ಸಿಕ್ಕಿಕೊಂಡವರ ಹತ್ತಿರಕ್ಕೆ ಗಾಳಿಗೆಂದು ಹೊರಗಿನಿಂದ ಒಂದು ಸಣ್ಣ ಕೊಳವೆ ಇಳಿಸಿದ್ದರಂತೆ. ಅಷ್ಟರಲ್ಲಿ ನೀರು ಏರತೊಡಗಿತು. ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದಾಗ ಅವರು ಒಂದೇ ಫೋನಿನಲ್ಲಿ, ಒಬ್ಬರ ನಂತರ ಒಬ್ಬರು, ಮನೆಯವರಿಗೆ ಹೇಳಬೇಕಾದದ್ದನ್ನು ಹೇಳಿ, ಆ ಫೋನನ್ನು ಹಗ್ಗಕ್ಕೆ ಕಟ್ಟಿ ಕೊಳವೆಯೊಳಗೆ ಮೇಲೆ ಕಳಿಸಿದರು. ಮೇಲೆ ಬಂದದ್ದು ಅದೊಂದೇ. ಹೆಣಗಳೂ ಸಿಗಲಿಲ್ಲ. ಕಂಪನಿಯವರು ಆ ವಿಡಿಯೋವನ್ನು ತಮ್ಮ ಸರ್ವರಿನಲ್ಲಿ ಒಂದೇ ಫೈಲಾಗಿ ಇಟ್ಟು, ಸತ್ತವರ ಮನೆಯವರೆಲ್ಲ ಡೌನ್‌ಲೋಡ್ ಮಾಡಿಕೊಳ್ಳಲಿ ಎಂದರು. ಉಳಿದವರೆಲ್ಲ ದೂರದೂರದ ರಾಜ್ಯದವರು. ಕನ್ನಡ ಬರುತ್ತಿದ್ದದ್ದು ದುಂಡಪ್ಪನಿಗೆ, ಮತ್ತೆ ಅವರ ಮೇಸ್ತ್ರಿಗೆ. ಆ ಮೇಸ್ತ್ರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ.

"ಇದರಾಗ ಅವರು ಮಾತಾಡ್ಯಾರಂತ ಕಸ್ತೂರಕ್ಕ," ಎಂದಳು ಇಂದ್ರವ್ವ. "ನಂಗ ಒಂದ ಮಾತು ಕೇಳಬೇಕಾಗೇತಿ. ಸಿಟ್ಟು ಹೋಗಿತ್ತೋ ಇಲ್ಲೋ, ಅಷ್ಟ."

ಫೈಲು ದೊಡ್ಡದು ಎಂದು ನೋಡಿದ ಕೂಡಲೇ ಇದು ಪೂರ್ತಿ ಬರುವುದಿಲ್ಲ ಎಂದುಕೊಂಡೆ. ಆದರೂ ಡೌನ್‌ಲೋಡಿಗೆ ಹಾಕಿದೆ. ಸಂಜೆಗೆ ಮುಗಿಯಿತು. ಇಬ್ಬರೂ ಕೂತು ಹಚ್ಚಿ ನೋಡಿದೆವು. ಕತ್ತಲೆ, ಟಾರ್ಚಿನ ಬೆಳಕು, ನೀರಿನ ಸಪ್ಪಳ. ಯಾರೋ ಒಬ್ಬ ನಮಗೆ ತಿಳಿಯದ ಭಾಷೆಯಲ್ಲಿ ಮಗಳ ಹೆಸರು ಹಿಡಿದು ಕರೆಯುತ್ತಿದ್ದ. ಹೆಸರು ಮಾತ್ರ ತಿಳಿಯಿತು. ಅವನಾದ ಮೇಲೆ ಇನ್ನೊಬ್ಬ. ಆಮೇಲೆ ಫೋನು ಹಿಡಿದಿದ್ದ ಮೇಸ್ತ್ರಿಯ ದನಿ ಸ್ಪಷ್ಟವಾಗಿ, "ದುಂಡಪ್ಪಾ, ಬಾ, ನಿನ್ನ ಸರದಿ" ಎಂದಿತು. ಅಷ್ಟೆ. ಪರದೆಯ ತುಂಬ ಹಸಿರು ಬೂದು ಚೌಕಗಳು ಎದ್ದವು, ದನಿ ಕಿರ್ರೆಂದು ಕಟ್ಟಿತು. ಮತ್ತೆ ಚಿತ್ರ ಬಂದಾಗ ಒಬ್ಬ ಎಳೆಯ ಹುಡುಗ ಅಳುತ್ತ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ.

ಇಂದ್ರವ್ವ ಅಳಲಿಲ್ಲ. ಪರದೆಯನ್ನು ಸೆರಗಿನಿಂದ ಒರೆಸಿದಳು, ಧೂಳು ಕೂತಿದೆಯೇನೋ ಎಂಬಂತೆ.

ಸುದ್ದಿ ಊರಿಗೆ ಹಬ್ಬಿತು. ಕಟ್ಟೆಯ ಹಿರಿಯ ಪಂಪಣ್ಣಜ್ಜ ಕೋಲು ಊರಿಕೊಂಡು ಮಾರನೆಯ ಬೆಳಿಗ್ಗೆಯೇ ಬಂದ. "ಯವ್ವಾ, ಮುರದ ಬಂದೈತಿ ಅಂದ ಮ್ಯಾಲೆ ಅದು ನಿಂದ. ಬಾ, ತುಂಬಿ ಹೇಳು. ನಿನ್ನ ಗಂಡ ಏನ ಹೇಳಿದ ಅಂತ ನೀ ಹೇಳಿದ್ದ ಖರೆ. ಮನಸಿಗೆ ತಂಪಾಗತೈತಿ."

"ಹೆಂಗ ತುಂಬಲಿ ಅಜ್ಜ? ಸಿಟ್ಟಿಲ್ಲ ಅಂದ್ರು ಅಂತ ನಾನ ಹೇಳಿ, ನಾನ ಕೇಳಿ, ನಾನ ಸಮಾಧಾನ ಮಾಡಿಕೊಳ್ಳಲೇನು?"

"ಎಲ್ಲಾರೂ ಹಂಗ ಮಾಡಕೋತ ಬಂದಾರವಾ."

"ನಂಗ ಅವರ ಬಾಯಿಂದ ಬೇಕು," ಎಂದಳು. ಅಜ್ಜನಿಗೆ ಇಂಥ ಮಾತು ಕೇಳಿ ರೂಢಿಯಿಲ್ಲ. ನನ್ನ ಮುಖ ನೋಡಿದ. ನಾನೂ ಇಂಥ ಮಾತು ಕೇಳಿರಲಿಲ್ಲ. ನಮ್ಮವ್ವ ಒಮ್ಮೆಯಾದರೂ ಅಣ್ಣನ ಬಾಯಿಂದಲೇ ಮೊಣಕಾಲಿನ ಮಾತು ಬರಲಿ ಎಂದು ಹಟ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಮೊದಲ ಸಲ ಅನ್ನಿಸಿ, ಯಾಕೋ ಸಂಕಟವಾಯಿತು.

ಅಂದಿನಿಂದ ನಾವಿಬ್ಬರೂ ಆ ಫೈಲಿನ ಬೆನ್ನು ಬಿದ್ದೆವು. ಕಂಪನಿಯ ಸರ್ವರು ನೋಡಿಕೊಳ್ಳುವ ಹುಡುಗನ ಹೆಸರು ಲೋಹಿತ್. ದಕ್ಷಿಣದ ಕಡೆಯವನು, ಕನ್ನಡ ಬರುತ್ತದೆ ಎಂದು ಅವನನ್ನೇ ನಮ್ಮ ಪಾಲಿಗೆ ಹಾಕಿದ್ದರು. ಫೋನು ಮಾಡಿದಾಗಲೆಲ್ಲ ಅವನ ಮೊದಲ ಮಾತು ಒಂದೇ: "ಮೇಡಂ, ನಮ್ ಕಡೆಯಿಂದ ಎಲ್ಲ ಸರಿಯಾಗಿದೆ. ಬೇರೆ ಫ್ಯಾಮಿಲಿಗಳಿಗೆಲ್ಲ ಓಪನ್ ಆಗಿದೆ. ನಿಮ್ ಕಡೆನೇ ಏನೋ ಪ್ರಾಬ್ಲಮ್ ಇರ್ಬೇಕು."

"ನಮ್ಮ ಕಡೆ ಪ್ರಾಬ್ಲಮ್ ಇರೂದು ನಮ್ಮಜ್ಜನ ಕಾಲದಿಂದ ಐತಪಾ," ಎಂದೆ. "ನೀನ ಒಂದಿಷ್ಟು ನೋಡಿ, ಆ ಜಾಗಾದಾಗ ಏನ ಮಾತಾಡ್ಯಾನಂತ ಹೇಳಬಾರದೇನು?"

"ನಾವು ಅದನ್ನ ಓಪನ್ ಮಾಡೋ ಹಾಗಿಲ್ಲ ಮೇಡಂ. ಮನೆಯವರಿಗೆ ಮಾತ್ರ ಅಂತ ಸ್ಟ್ರಿಕ್ಟ್ ಆರ್ಡರ್ ಇದೆ. ನೀವು ಬೇರೆ ಬ್ರೌಸರ್‌ನಲ್ಲಿ ಟ್ರೈ ಮಾಡಿ."

ಬ್ರೌಸರ್ ಬದಲಿಸಿದೆ. ಗಾಳಿಯಲ್ಲಿ ಬರುವ ಇಂಟರ್ನೆಟ್ ಬೇಡ, ಕೇಬಲ್ ಹಚ್ಚಿ ಎಂದ; ಹಚ್ಚಿದೆ. ವೈರಸ್ ಕಾಯುವ ಸಾಫ್ಟ್‌ವೇರು ನಡುವೆ ಬಾಯಿ ಹಾಕುತ್ತಿರಬಹುದು, ಬಂದ್ ಮಾಡಿ ಎಂದ, ಮಾಡಿದೆ. ಹಳೆಯ ಹಾರ್ಡ್‌ಡಿಸ್ಕ್ ಕೆಟ್ಟಿರಬಹುದು ಎಂದ. ಪಟ್ಟಣದಿಂದ ಹೊಸದು ತರಿಸಿದೆ. ನಡುವೆ ಲೈನು ಕಡಿದರೆ ಬಿಟ್ಟಲ್ಲಿಂದಲೇ ಮುಂದುವರಿಸುವ ಸಾಫ್ಟ್‌ವೇರು ಹಾಕಿಕೊಳ್ಳಿ ಎಂದ; ಅದನ್ನೂ ಹಾಕಿದೆ. ಪ್ರತಿ ಸಲವೂ ಫೈಲು ತುಂಬಿಕೊಂಡೇ ಬರುತ್ತಿತ್ತು, ಪ್ರತಿ ಸಲವೂ "ನಿನ್ನ ಸರದಿ" ಎಂಬಲ್ಲಿಗೆ ಹಸಿರು ಚೌಕಗಳು ಏಳುತ್ತಿದ್ದವು. ಇಂದ್ರವ್ವನನ್ನು ಕರೆದುಕೊಂಡು ಪಟ್ಟಣಕ್ಕೂ ಹೋಗಿಬಂದೆ. ಅಲ್ಲಿನ ದೊಡ್ಡ ಸೆಂಟರಿನವನ ಕಂಪ್ಯೂಟರಿನಲ್ಲೂ ಅಷ್ಟೇ. ಅವನು ನಮ್ಮ ಊರಿನ ಹೆಸರು ಕೇಳಿ ದುಡ್ಡು ತೆಗೆದುಕೊಳ್ಳದೆ ಕಳಿಸಿದ. ಮುರಿದು ಬಂದ ಪ್ರತಿಗಳನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ, ಎಲ್ಲವನ್ನೂ ಒಂದು ಕಡೆ ಇಟ್ಟೆ.

"ಸೈಜ್ ಎಷ್ಟು ತೋರಿಸ್ತಿದೆ?" ಎಂದು ಲೋಹಿತ್ ಕೇಳಿದ. ಹೇಳಿದೆ. "ಸೈಜ್ ಕರೆಕ್ಟಾಗೇ ಇದೆಯಲ್ಲ!" ಎಂದ. ಸೈಜು ಸರಿಯಿದ್ದರೇನು, ನಮ್ಮ ಅಕ್ಕಿಯ ಚೀಲವೂ ಹೊರಗಿನಿಂದ ತುಂಬಿಯೇ ಕಾಣುತ್ತದೆ. ಆಗ ಅವನು ಅಂಕಿ ಅಕ್ಷರ ಬೆರೆತ ಒಂದು ಉದ್ದನೆಯ ಸಂಖ್ಯೆ ಕಳಿಸಿದ. ಫೈಲಿನ ಒಳಗಿರುವುದನ್ನೆಲ್ಲ ಅರೆದು ತೆಗೆದ ಸಂಖ್ಯೆಯಂತೆ ಅದು; ಒಳಗೆ ಒಂದು ಚುಕ್ಕೆ ಬದಲಾದರೂ ಸಂಖ್ಯೆಯೇ ಬೇರೆ ಬರುತ್ತದೆ. ಸರ್ವರಿನಲ್ಲಿ ಇರುವ ಫೈಲಿನ ಸಂಖ್ಯೆಗೂ ನಮ್ಮಲ್ಲಿಗೆ ಬಂದದ್ದರ ಸಂಖ್ಯೆಗೂ ತಾಳೆಯಾದರೆ ಪೂರ್ತಿ ಬಂದಿದೆ ಎಂದರ್ಥ. ತಾಳೆ ನೋಡಿದೆ. ಮೊದಲ ಅಕ್ಷರದಿಂದಲೇ ಬೇರೆ. ಎಷ್ಟು ಸಲ ತರಿಸಿದರೂ ಬೇರೆ. ಇಂದ್ರವ್ವ ಓದಲು ಬಾರದವಳು, ಆದರೂ ಎರಡು ಸಂಖ್ಯೆಗಳ ಮೇಲೆ ಬೆರಳು ಇಟ್ಟು ಒಂದೊಂದೇ ಅಕ್ಷರದ ಆಕಾರ ಹೋಲಿಸುತ್ತಿದ್ದಳು. ಎಲ್ಲಾದರೂ ಒಂದು ಅಕ್ಷರ ಕೂಡಿಬಂದರೆ, "ಇದು ಒಂದಂಗ ಐತಿ ನೋಡ ಕಸ್ತೂರಕ್ಕ" ಎನ್ನುತ್ತಿದ್ದಳು. ಆ ಮುಖಕ್ಕೆ ಇಲ್ಲವೆಂದು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ, ಹೌದು ಎನ್ನುವುದೂ ಆಗುತ್ತಿರಲಿಲ್ಲ.

ಮೊದಲೇ ತುಂಡು ಮಾಡಿ ತರಿಸಬಾರದಿತ್ತೇ ಎಂದು ನೀವು ಕೇಳಬಹುದು. ಅಕ್ಕಿಯನ್ನು ಕೈಚೀಲದಲ್ಲಿ ತರುವ ಊರಿಗೆ ಅಷ್ಟು ತಿಳಿಯದೇ? ತಿಳಿದಿತ್ತು. ಮೊದಲ ವಾರವೇ ನಾನು ಆ ಮಾತು ತೆಗೆದಿದ್ದೆ. ಇಂದ್ರವ್ವ ಎದ್ದು ನಿಂತುಬಿಟ್ಟಿದ್ದಳು. "ಹೆಣಾನೂ ಸಿಗಲಿಲ್ಲ. ಇರೂದು ಇದೊಂದ. ಇದನ್ನೂ ಕಡದ ತುಂಡ ಮಾಡಬೇಕಂತಿ ಏನ?" ಎಂದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ದಿನ ಕಳೆದಂತೆ ಆಕೆ ಸೊರಗಿದಳು. ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ಇರುತ್ತಿದ್ದಳು, ಒಲೆ ಹೊತ್ತಿಸಿದ ಗುರುತು ಅವಳ ಮೈಮೇಲೆ ಕಾಣುತ್ತಿರಲಿಲ್ಲ. ನನ್ನ ಡಬ್ಬಿಯ ಊಟದಲ್ಲಿ ಪಾಲು ಕೊಟ್ಟರೆ ರೊಟ್ಟಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಒಂದು ದಿನ ತಾನಾಗಿಯೇ, "ಕಡಸು" ಎಂದಳು. "ತುಂಡ ಮಾಡಿದ್ರ ನೋವಾಗೂದು ಅವರಿಗಲ್ಲಲ್ಲ, ನನಗ. ಕಡಸು."

ಲೋಹಿತ್ ಮೊದಲು ಒಪ್ಪಲಿಲ್ಲ. ಎಲ್ಲರಿಗೂ ಒಂದೇ ಫೈಲು, ಒಬ್ಬರಿಗಾಗಿ ಕತ್ತರಿಸಿ ಇಡಲು ಮೇಲಿನವರನ್ನು ಕೇಳಬೇಕು ಎಂದ. ನಾನು ಬಾಯಿಗೆ ಬಂದದ್ದು ಅಂದೆ. ಆಮೇಲೆ ಫೋನನ್ನು ಇಂದ್ರವ್ವನ ಕೈಗೆ ಕೊಟ್ಟೆ. ಆಕೆ ಹೆಚ್ಚು ಮಾತಾಡಲಿಲ್ಲ. "ತಮ್ಮಾ, ನಿಂಗ ಮದಿವಿ ಆಗೇತೇನ?" ಎಂದು ಕೇಳಿದಳು. ಅವನು ಆಗಿದೆ ಎಂದ. "ನಿನ್ನ ಹೇಣ್ತಿ ಬುತ್ತಿ ಕಟ್ಟಿಕೊಟ್ರ ಬಿಟ್ಟ ಹೋಗಬ್ಯಾಡಪಾ" ಎಂದು ಫೋನು ನನಗೆ ಕೊಟ್ಟಳು. ಎರಡು ದಿನ ಬಿಟ್ಟು ಲೋಹಿತ್ ಫೈಲನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಅದರದೇ ಸಂಖ್ಯೆ ಬರೆದು ಸರ್ವರಿನಲ್ಲಿ ಇಟ್ಟಿದ್ದ.

ಮೊದಲ ತುಂಡು ಬಂತು. ಸಂಖ್ಯೆ ತಾಳೆಯಾಯಿತು. ಇಂದ್ರವ್ವ ಬೆರಳು ಇಟ್ಟು ಕೊನೆಯ ಅಕ್ಷರದವರೆಗೆ ಹೋಲಿಸಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಎರಡನೆಯದೂ ತಾಳೆಯಾಯಿತು, ಮೂರನೆಯದೂ. ಬೀಗರನ್ನು ಇಬ್ಬಿಬ್ಬರಾಗಿ ಕರೆಸಿಕೊಳ್ಳುವ ಹಾಗೆ ನಾವು ದುಂಡಪ್ಪನನ್ನು ಕರೆಸಿಕೊಂಡೆವು. ಒಂದು ತುಂಡು ಬಂದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಆ ದಿನಗಳಲ್ಲಿ ಇಂದ್ರವ್ವನ ಮುಖಕ್ಕೆ ಕಳೆ ಬಂದಿತ್ತು. ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟುಕೊಂಡು ಬಂದಳು. "ಎಲ್ಲಾ ಬಂದ ಮ್ಯಾಲೆ ನೋಡೂಣು. ನಡುವ ನೋಡೂದು ಬ್ಯಾಡ" ಎಂದು ತಾನೇ ಹೇಳಿದಳು. ಕಟ್ಟೆಯಲ್ಲಿ ಕೂತವರು ದಿನಾ ಸಂಜೆ ಎಷ್ಟು ಬಂತು ಎಂದು ಕೇಳುತ್ತಿದ್ದರು. ಪಂಪಣ್ಣಜ್ಜ ಮಾತ್ರ ತಲೆ ಅಲ್ಲಾಡಿಸುತ್ತಿದ್ದ. "ಪೂರ್ತಿ ಬರಬಾರದವಾ. ಪೂರ್ತಿ ಬಂದ್ರ ಯಾರ ತಡಕೋತಾರ?" ಎಂದ. ಮುದುಕನಿಗೆ ಅರಳುಮರಳು ಎಂದು ನಾನು ನಕ್ಕು ಬಂದೆ.

ಕೊನೆಯ ತುಂಡು ಮುಗಿದದ್ದು ಒಂದು ಮಧ್ಯಾಹ್ನ. ಎಲ್ಲವನ್ನೂ ಕೂಡಿಸಿದೆ. ಕೂಡಿಸಿದ ಫೈಲಿನ ಸಂಖ್ಯೆ ತೆಗೆದೆ. ಲೋಹಿತ್ ಮೊದಲು ಕಳಿಸಿದ್ದ ಉದ್ದನೆಯ ಸಂಖ್ಯೆಯ ಪಕ್ಕದಲ್ಲಿ ಇಟ್ಟೆ. ಒಂದಕ್ಷರವೂ ಬೇರೆ ಇರಲಿಲ್ಲ. ನಮ್ಮ ಊರು ಹುಟ್ಟಿದ ಮೇಲೆ ಇಷ್ಟು ದೊಡ್ಡದೊಂದು ಪೂರ್ತಿ ಬಂದದ್ದು ಅದೇ ಮೊದಲು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷಕ್ಕೆ ಬಂತು. ಬಾಗಿಲು ಹಾಕಿ ಚಿಲಕ ಜಡಿದೆ. ಇಂದ್ರವ್ವ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತಳು.

ಕತ್ತಲೆ, ಟಾರ್ಚು, ನೀರು. ಮಗಳನ್ನು ಕರೆದವನು ಕರೆದ. ಅವನ ನಂತರದವನು ಮಾತಾಡಿದ. ಆಮೇಲೆ ಮೇಸ್ತ್ರಿ, "ದುಂಡಪ್ಪಾ, ಬಾ, ನಿನ್ನ ಸರದಿ" ಎಂದ. ಚೌಕಗಳು ಏಳಲಿಲ್ಲ. ದುಂಡಪ್ಪ ಬೆಳಕಿಗೆ ಬಂದ. ನೀರು ಅವನ ಎದೆಯವರೆಗೆ ಇತ್ತು. ಗಡ್ಡ ಬೆಳೆದಿತ್ತು. ಇಂದ್ರವ್ವನ ಬಾಯಿಂದ ಸಣ್ಣದೊಂದು ದನಿ ಹೊರಟಿತು.

"ನಂದ್ ಬ್ಯಾಡ ಮೇಸ್ತ್ರಿ," ಎಂದ ದುಂಡಪ್ಪ.

"ಯಾಕೋ? ಲಗೂನ ಹೇಳು, ನೀರು ಏರಾಕತ್ತೈತಿ."

"ಇಷ್ಟು ದೊಡ್ಡದು ನಮ್ಮೂರಿಗೆ ಪೂರ್ತಿ ಮುಟ್ಟಂಗಿಲ್ಲ. ನಾ ಏನ ಹೇಳಿದ್ರೂ ಅದ ಬಿಟ್ಟ ಹೋಗತೈತಿ. ನನ್ನ ಹೊತ್ತು ಆ ಪೋರಗ ಕೊಡು. ಅವನ ಅವ್ವಗಾದ್ರೂ ಮುಟ್ಟಲಿ."

"ನಿನ್ನ ಹೇಣ್ತಿಗೆ ಏನೂ ಬ್ಯಾಡೇನು?"

ದುಂಡಪ್ಪನ ಮುಖದ ಮೇಲಿನ ಬೆಳಕು ಅಷ್ಟರಲ್ಲಿ ಆಚೆ ಸರಿಯಿತು, ದನಿ ಮಾತ್ರ ಕೇಳಿತು. "ಆಕಿ ತುಂಬಿ ಹೇಳ್ತಾಳ. ನಾ ಏನ ಹೇಳ್ತಿದ್ದೆ ಅಂತ ಆಕೀಗೆ ಗೊತ್ತೈತಿ."

ಮತ್ತೆ ಆ ಎಳೆಯ ಹುಡುಗ ಅಳುತ್ತ ಬಂದ. ಅವನ ಮಾತು ಮುಗಿಯುವವರೆಗೆ ನಾನು ಕೈ ಆಡಿಸಲಿಲ್ಲ. ಅವನ ಅವ್ವ ಎಲ್ಲೋ ಇದನ್ನು ಎಷ್ಟು ಸಲ ಕೇಳಿದ್ದಾಳೋ, ಅದರಲ್ಲಿ ಯಾವುದು ದುಂಡಪ್ಪನ ಪಾಲಿನ ಹೊತ್ತು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಇಂದ್ರವ್ವ ಮತ್ತೆ ಹಚ್ಚು ಎಂದಳು. ಹಚ್ಚಿದೆ. ಮತ್ತೆ ಎಂದಳು. ಆ ಸಂಜೆಯವರೆಗೆ ಅದೊಂದನ್ನೇ ನೋಡಿದೆವು. ಕೊನೆಗೆ ನನ್ನ ಕಡೆ ತಿರುಗಿದಳು. "ನಂಗ ಗೊತ್ತಿಲ್ಲ ಕಸ್ತೂರಕ್ಕ. ಖರೇನ ಗೊತ್ತಿಲ್ಲ. ಏನ ಹೇಳ್ತಿದ್ರು?"

"ಗೊತ್ತೈತಿ ಅಂತ ನಂಬಿದ್ದ ಅಂದ್ರ ಸಿಟ್ಟು ಇರಲಿಲ್ಲ ಅಂತ ಅಲ್ಲೇನ?" ಎಂದೆ. ನನ್ನ ದನಿಯಲ್ಲಿ ನನಗೇ ನಂಬಿಕೆ ಇರಲಿಲ್ಲ.

"ಸಿಟ್ಟಿದ್ದಾವ್ರೂ ಹಂಗ ಅಂತಾರ. ತಂಗಿ ಮನ್ಯಾಗ ಅವರ ಬಾಯಿ ಮುಚ್ಚಿಸಿ ನಾನ ಮಾತಾಡಿದ್ನಲ್ಲ, ಈಗೂ ಆಕೀನ ಮಾತಾಡಲಿ ಅಂತ ಅಂದಿರಬೇಕು. ಮಾರಿ ಕಾಣಲಿಲ್ಲ. ಬೆಳಕು ಸರೀತು." ಆಕೆ ಹಣೆಯನ್ನು ಮೇಜಿಗೆ ಒತ್ತಿ ಕೂತಳು. "ಮುರದದ್ದು ಇದ್ದಿದ್ರ ಅದರಾಗ ಒಂದ ಮಾತಾದ್ರೂ ಇತ್ತು ಅಂತ ತಿಳಕೊಂಡಿರತಿದ್ದೆ. ಈಗ ಏನೂ ಇಲ್ಲ. ಪೂರ್ತಿ ಬಂದದ್ದಕ್ಕ ತುಂಬೂ ಹಂಗೂ ಇಲ್ಲ."

ಲೋಹಿತ್‌ನ ಫೋನು ಬಂತು. ಪಾಪ, ಅವನೂ ಕಾಯುತ್ತಿದ್ದ. "ಓಪನ್ ಆಯ್ತಾ ಮೇಡಂ?"

"ಆತಪಾ."

"ನೋಡಿದ್ರಾ! ಪೀಸ್ ಪೀಸ್ ಮಾಡಿದ್ಮೇಲೆ ಕೊನೆಗೂ ಬಂತು. ಆ ಅಮ್ಮನಿಗೆ ಹೇಳಿ, ನಾನು ದಿನಾ ಬುತ್ತಿ ತಗೊಂಡೇ ಬರ್ತೀನಿ ಅಂತ." ಹುಡುಗನ ದನಿ ಅರಳಿತ್ತು. ಹೇಳುತ್ತೇನೆ ಎಂದು ಇಟ್ಟೆ. ಹೇಳಲಿಲ್ಲ.

ಇಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಪೂರ್ತಿ ಬಂದದ್ದನ್ನ ಅಳಿಸಿಬಿಡು. ತುಂಡ ಒಂದೂ ಉಳಿಸಬ್ಯಾಡ. ಮದಲಿನ ಮುರದದ್ದು ಅದಾವಲ್ಲ, ಅವ ಇರಲಿ. ಮುರದ ಬಂತು ಅಂತ ಹೇಳತೀನಿ. ಅವರು ಹೇಳಿದಂಗ ತುಂಬತೀನಿ." ಬೇಡ ಎನ್ನಬೇಕಿತ್ತೋ ಏನೋ. ಬೇಡ ಅಂದು ನಾನು ಅವಳಿಗೆ ಬೇರೆ ಏನು ಕೊಡುತ್ತಿದ್ದೆ? ಒಂದೊಂದಾಗಿ ಕರೆಸಿಕೊಂಡಿದ್ದ ತುಂಡುಗಳನ್ನು ಒಂದೊಂದಾಗಿ ಅಳಿಸಿದೆ. ಕೂಡಿಸಿದ್ದನ್ನೂ ಅಳಿಸಿದೆ. ಬಾಗಿಲು ತೆಗೆದಾಗ ಪಂಪಣ್ಣಜ್ಜ ಹೊರಗೆ ಕೋಲು ಊರಿ ನಿಂತಿದ್ದ. ಪೂರ್ತಿ ಬಂತೇನವಾ ಎಂದು ಕೇಳಿದ. ಇಲ್ಲಜ್ಜ, ಮುರದ ಬಂದೈತಿ, ನಾಳೆ ತುಂಬಿ ಹೇಳತೀನಿ ಎಂದಳು. ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಮತ್ತೇನೂ ಕೇಳಲಿಲ್ಲ.

ಮಾರನೆಯ ದಿನ ಬೇವಿನ ಕಟ್ಟೆಯ ಮುಂದೆ ಊರೇ ಸೇರಿತ್ತು. ನಾನು ಕಂಪ್ಯೂಟರನ್ನು ಹೊರಗೆ ತಂದು ಮೇಜಿನ ಮೇಲಿಟ್ಟು, ಹಳೆಯ ಮುರಿದ ಪ್ರತಿಯೊಂದನ್ನು ಹಚ್ಚಿದೆ. ಮೇಸ್ತ್ರಿಯ ದನಿ ಬಂತು. "ದುಂಡಪ್ಪಾ, ಬಾ, ನಿನ್ನ ಸರದಿ." ಹಸಿರು ಚೌಕಗಳು ಎದ್ದವು. ಅವನ್ನು ನೋಡಿ ನನಗೆ ಆವತ್ತು ಸಮಾಧಾನವಾಯಿತು ಎಂದರೆ ನಂಬುತ್ತೀರಾ? ಅಲ್ಲೇ ನಿಲ್ಲಿಸಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಇಂದ್ರವ್ವನ ತಂಗಿಯೂ ಬಂದು ಮುಂದೆ ಕೂತಿದ್ದಳು. ಅವನು ಏನು ಹೇಳಿದ್ದಾನೆಂದು ಎಲ್ಲರೂ ಆಗಲೇ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದರು: ಸಿಟ್ಟಿಲ್ಲ ಇಂದ್ರಾ, ಆ ರೊಟ್ಟಿಯ ಗಂಟು ತಂದಿದ್ದರೆ ಚೆನ್ನಾಗಿತ್ತು, ಹುಷಾರಾಗಿರು. ಇಂದ್ರವ್ವ ಅಷ್ಟು ಹೇಳಿದ್ದರೆ ಸಾಕಿತ್ತು. ನಾನೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ, ಅವಳ ಬಾಯಿಗೆ ದಾಟಿಸುವವಳಂತೆ.

ಇಂದ್ರವ್ವ ಎದ್ದು ನಿಂತಳು. ಬಾಯಿ ತೆರೆದಳು. ಚೌಕಗಳ ಕಡೆ ನೋಡಿದಳು. ಅವಳಿಗೆ ಅಲ್ಲಿ ಚೌಕಗಳು ಕಾಣುತ್ತಿರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಒಮ್ಮೆ ಕೇಳಿದ್ದನ್ನು ನಾನು ಎಲ್ಲಿಂದ ಅಳಿಸಲಿ?

"ಹೇಳವಾ," ಎಂದ ಪಂಪಣ್ಣಜ್ಜ ಮೆತ್ತಗೆ. "ಏನ ಹೇಳಿದ ನಿನ್ನ ಗಂಡ?"

"ನಂದ್ ಬ್ಯಾಡ ಅಂದ್ರು," ಎಂದಳು ಇಂದ್ರವ್ವ.

"ಮುಂದ?"

"ಮುಂದ ಇಲ್ಲ ಅಜ್ಜ."

ಆಕೆ ಕೂತುಕೊಂಡಳು. ತಂಗಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಪದ್ಧತಿಯಂತೆ ಯಾರೂ ಎದುರಾಡಲಿಲ್ಲ.